ಚುಕ್ಕೆಯ ಹಿಂದಿನ ಫೋಲ್ಡರ್

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ದರ್ಜಿಯೊಬ್ಬ ಠಾಣೆಗೆ ಬಂದು ದೂರು ಬರೆಸಿದ. ತಲೆನೋವೆಂದು ಹೆಂಡತಿಗೆ ಸ್ಕ್ಯಾನ್ ಮಾಡಿಸಿದ್ದ. ಎಲ್ಲ ಸರಿಯಿದೆ ಎಂದು ವರದಿ ಬಂತು. ವಾರದೊಳಗೆ ಅವಳು ತೀರಿಕೊಂಡಳು. ಈಗ ಚಿತ್ರಗಳನ್ನು ಕೇಳಿದರೆ ಸ್ಕ್ಯಾನ್ ಸೆಂಟರಿನವರು ಇಲ್ಲವೆನ್ನುತ್ತಾರೆ.

"ಪರಿಹಾರ ಬೇಕಾ?" ಇನ್‌ಸ್ಪೆಕ್ಟರ್ ಕೇಳಿದರು.

"ಬೇಡ ಸಾರ್. ಅವಳ ತಲೇಲಿ ಏನಿತ್ತು ಅಂತ ಗೊತ್ತಾಗ್ಬೇಕು."

ಸಾಕ್ಷ್ಯನಾಶದ ಎಫ್‌ಐಆರ್ ದಾಖಲಾಯಿತು.

ಪೊಲೀಸರು ಸೆಂಟರಿಗೆ ಹೋದರು. ರೋಗಿಗಳ ಚಿತ್ರಗಳೆಲ್ಲ ಸ್ಕ್ಯಾನ್ ಕೋಣೆಯ ವಿಂಡೋಸ್ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿರುತ್ತಿದ್ದವು. ಡಾಕ್ಟರು ತಮ್ಮ ಕೋಣೆಯಿಂದ, ವರದಿ ಟೈಪ್ ಮಾಡುವ ಹೆಂಗಸು ತನ್ನ ಮೂಲೆಯಿಂದ ಅದನ್ನೇ ತೆರೆಯುತ್ತಿದ್ದರು. ಅವಳ ಹಳೆಯ ಯಂತ್ರಕ್ಕೆ ಮಾತ್ರ ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದರು. ಎಲ್ಲರಿಗೂ ಒಂದೇ ಪಾಸ್‌ವರ್ಡ್; ಅದನ್ನು ಗೋಡೆಗೆ ಅಂಟಿಸಿದ್ದರು.

"ಬೀಗ ಹಾಕಿ ಕೀಲಿ ಬಾಗಿಲಿಗೇ ನೇತು ಹಾಕಿದೀರಲ್ಲ," ಎಂದ ಹೆಡ್ ಕಾನ್‌ಸ್ಟೇಬಲ್.

ಟೈಪಿಂಗಿನವಳು ತನ್ನ ಪರದೆಯಲ್ಲಿ ಫೋಲ್ಡರ್ ತೆರೆದು ತೋರಿಸಿದಳು. "ನೋಡಿ ಸಾರ್, ಇಲ್ಲ."

ಸ್ಕ್ಯಾನ್ ಕೋಣೆಯಲ್ಲಿ ಅದೇ ಫೋಲ್ಡರ್ ತೆರೆದಾಗ ಒಂದು ಹೆಸರು ಹೆಚ್ಚಿತ್ತು. ಚುಕ್ಕೆಯಿಂದ ಶುರುವಾಗಿ ಟ್ರ್ಯಾಶ್ ಎಂದಿತ್ತು.

"ಇದೇನಪ್ಪ?" ಇನ್‌ಸ್ಪೆಕ್ಟರ್ ಕೇಳಿದರು.

"ಸಿಸ್ಟಮ್ಮಿಂದೇನೋ ಅಂತ ನಾವ್ಯಾರೂ ಮುಟ್ಟಿಲ್ಲ ಸಾರ್," ಎಂದ ಟೆಕ್ನೀಷಿಯನ್.

"ಆಯಮ್ಮನ ಕಂಪ್ಯೂಟರಲ್ಲಿ ಇರ್ಲಿಲ್ವಲ್ಲ?"

ಅವನು ಆ ಹೆಸರಿನ ಮೊದಲ ಚುಕ್ಕೆಗೆ ಬೆರಳಿಟ್ಟ. "ಚುಕ್ಕೆಯಿಂದ ಶುರುವಾದ ಹೆಸರನ್ನ ಲಿನಕ್ಸ್ ತೋರಿಸಲ್ಲ ಸಾರ್. ಅಲ್ಲಿಂದ ಅಳಿಸಿದ್ದೆಲ್ಲ ಇದರೊಳಗೆ ಬೀಳತ್ತೆ. ಅಲ್ಲಿಲ್ಲ ಅಂದ್ರೂ ಇಲ್ಲಿ ಕಾಣತ್ತೆ." ಮತ್ತೆ ಮೆಲ್ಲಗೆ, "ಲಿನಕ್ಸ್ ಇರೋದು ಅಕ್ಕನ ಹತ್ರ ಒಂದೇ," ಎಂದ.

ಪಂಚರ ಎದುರು ಫೋಲ್ಡರ್ ತೆರೆದು ಪಂಚನಾಮೆ ಬರೆದರು. ದರ್ಜಿಯ ಹೆಂಡತಿಯ ಚಿತ್ರಗಳು ಒಂದೂ ಹಾಳಾಗದೆ ಅಲ್ಲಿದ್ದವು.

"ರಕ್ತಸ್ರಾವ," ಎಂದರು ಡಾಕ್ಟರು. "ನಾನು ಸರಿಯಾಗೇ ಹೇಳಿ ಬರೆಸಿದ್ದೆ."

"ಓದಿ ಸಹಿ ಹಾಕಿದ್ರಾ?"

"ಸಹಿ ಹಾಕಿದೆ," ಎಂದರು ಡಾಕ್ಟರು.

ಟೈಪಿಂಗಿನವಳು ಹಿಂದಿನ ರೋಗಿಯ ವರದಿಯನ್ನೇ ತೆರೆದು ಹೆಸರು ಬದಲಾಯಿಸಿದ್ದಳು. ಎಲ್ಲ ಸರಿಯಿದೆ ಎಂಬ ಕೆಳಗಿನ ಸಾಲು ಹಾಗೇ ಉಳಿದಿತ್ತು.

"ಕೆಲಸ ಹೋಗತ್ತೆ ಅಂತ ಅಳಿಸಿದ್ಯಾಮ್ಮ?"

"ಅದು ಹೋದ್ರೂ ಹೋಗ್ಲಿ ಸಾರ್. ಅವರು ತೀರಿಕೊಂಡ್ರು ಅಂತ ಕೇಳಿದ ಮೇಲೆ, ಫೋಲ್ಡರ್ ತೆರೆದಾಗೆಲ್ಲ ಅವರ ತಲೆ ಕಾಣೋದು. ಅದನ್ನ ನೋಡ್ಕೊಂಡು ಇನ್ನೊಬ್ಬರ ತಲೆ ಬಗ್ಗೆ ಬರೆಯೋಕೆ ಕೈ ಬರ್ಲಿಲ್ಲ."

ಸೂರ್ಯ ಮುಳುಗುವ ಮೊದಲೇ ಮಹಿಳಾ ಕಾನ್‌ಸ್ಟೇಬಲ್ ಅವಳನ್ನು ಬಂಧಿಸಿ ಕರೆತಂದಳು.

ಠಾಣೆಯ ಬೆಂಚಿನ ಮೇಲೆ ದರ್ಜಿ ಕಾಯುತ್ತಿದ್ದ. ಇನ್‌ಸ್ಪೆಕ್ಟರ್ ವಿಷಯ ಹೇಳಿದರು. ಬಂಧಿಸಿದ್ದು ಯಾರನ್ನೆಂದು ಅವನು ಕೇಳಲಿಲ್ಲ.

"ಹಾಗಾದ್ರೆ ಅವಳಿಗೆ ನಿಜವಾಗ್ಲೂ ನೋಯ್ತಿತ್ತು," ಎಂದ. "ನಾನು ಆ ವರದಿ ಮುಖದ ಮುಂದೆ ಹಿಡಿದು, ನಾಟಕ ಸಾಕು, ಏಳು ಅಂದಿದ್ದೆ ಸಾರ್. ಎದ್ದಳು. ಎದ್ದು ಅಡುಗೆ ಮಾಡಿದ್ಳು."