ಕೊಕ್ಕರೆ ಕಣಿವೆಯ ಮೇಲೆ ಕೆಂಪು ಮೊಹರು

ಬಹಳ ಬಹಳ ಹಿಂದೆ, ಚೀನದ ಬೆಟ್ಟಗಳ ನಡುವೆ ನಿಂಗ್‌ಷು ಎಂಬ ರಾಜ್ಯವಿತ್ತು. ಅದರ ಮೂಲೆಯಲ್ಲಿ ಕೊಕ್ಕರೆ ಕಣಿವೆ ಎಂಬ ಊರು. ಹದಿನೇಳು ಮನೆ, ಒಂದು ಹೊಳೆ, ಹೊಳೆಗೊಂದು ಮರದ ಸೇತುವೆ. ಅಲ್ಲಿ ಶೆನ್ ಯೂಕೆ ಎಂಬ ಚಿತ್ರಕಾರನಿದ್ದ. ಅವನು ಬರೆಯುತ್ತಿದ್ದದ್ದೆಲ್ಲ ಬೆಟ್ಟ ಮತ್ತು ನೀರು; ಮನೆ, ಮನುಷ್ಯರು ಬಂದರೂ ದೂರದಲ್ಲಿ ಚುಕ್ಕೆಯ ಹಾಗೆ.

ಬರೆಯುವುದಕ್ಕೂ ಅವನದೊಂದು ಕ್ರಮವಿತ್ತು. ಮೊದಲು ಬೆಟ್ಟವನ್ನು ಸುತ್ತಬೇಕು, ಹತ್ತಬೇಕು, ಇಳಿಯಬೇಕು. ಆಮೇಲೆ ಮನೆಗೆ ಬಂದು ಬಿಳಿ ಕಾಗದದ ಮುಂದೆ ಸುಮ್ಮನೆ ಕೂರಬೇಕು. ಬೆಟ್ಟ ಪೂರ್ತಿಯಾಗಿ ಮನಸ್ಸಿನಲ್ಲಿ ನಿಂತರೆ ಚಿತ್ರ ಮುಗಿದಂತೆ, ಮಸಿಕಡ್ಡಿಯನ್ನು ನೀರು ಹಾಕಿ ಕಲ್ಲಿನ ಮೇಲೆ ತೇಯುವುದು ಆಮೇಲಿನ ಮಾತು. ಮಂಜನ್ನೂ ನೀರನ್ನೂ ಮಸಿಯಿಂದ ಬರೆಯುವಂತಿಲ್ಲ, ಕಾಗದದ ಬಿಳಿಯನ್ನೇ ಬಿಡಬೇಕು. ಇನ್ನೊಂದು ಕಟ್ಟಳೆಯೂ ಇತ್ತು. ದೂರದ ಮನುಷ್ಯರಿಗೆ ಕಣ್ಣು ಬರೆಯಬಾರದು. ಅಷ್ಟು ದೂರದಲ್ಲಿ ಕಣ್ಣು ಯಾರಿಗೆ ಕಾಣುತ್ತದೆ?

ಹೀಗೆ ಯೂಕೆ ಮೂರು ವರ್ಷ ಕೂತು ತನ್ನದೇ ಊರನ್ನು ಉದ್ದನೆಯ ಸುರುಳಿಯ ಮೇಲೆ ಬರೆದ. ಬೆಟ್ಟ ಬಂತು, ಹದಿನೇಳು ಮನೆ ಬಂದವು, ಸೇತುವೆ ಬಂತು. ಸೇತುವೆಯ ಮೇಲೆ ಬುಟ್ಟಿ ಹಿಡಿದ ಅವನ ಹೆಂಡತಿ ಲಾನ್‌ಝಿಯೂ ಬಂದಳು, ಒಂದು ಅಕ್ಕಿಕಾಳಿನಷ್ಟು ಎತ್ತರ.

ಚಿತ್ರದ ಸುದ್ದಿ ರಾಜಧಾನಿಗೆ ಹೋಯಿತು. ರಾಜಗುರು ಗಾವೊ ತುಂಗ್ ಸ್ವತಃ ಪಲ್ಲಕ್ಕಿಯಲ್ಲಿ ಬಂದಿಳಿದ. ಇವನು ಎಂಥ ಮಾಂತ್ರಿಕನೆಂದು ಕಣಿವೆಯ ಬಡಪಾಯಿಗಳಿಗೆ ಗೊತ್ತಿರಲಿಲ್ಲ. ಸುರುಳಿಯ ಮುಂದೆ ನಿಂತು ಅವನು ಆಹಾ ಎಂದ, ಓಹೋ ಎಂದ.

"ಚಿತ್ರಕಾರರೇ, ಇಂಥ ಕೈ ಇಡೀ ರಾಜ್ಯದಲ್ಲೇ ಇಲ್ಲ. ಮೆಚ್ಚಿದವನು ಮೊಹರು ಒತ್ತುವುದು ನಮ್ಮ ಪದ್ಧತಿಯಲ್ಲವೇ? ಒಂದು ಒತ್ತಿಬಿಡಲೇ?"

ಪದ್ಧತಿಯೇನೋ ನಿಜ. ಒಳ್ಳೆಯ ಚಿತ್ರದ ಮೇಲೆ ರಸಿಕರು ತಮ್ಮ ಹೆಸರಿನ ಕೆಂಪು ಮೊಹರು ಒತ್ತುವುದು ಬರೆದವನಿಗೆ ದೊಡ್ಡ ಗೌರವ. ಯೂಕೆ ಹಿರಿಹಿರಿ ಹಿಗ್ಗಿದ. ಲಾನ್‌ಝಿ ಒಳಗಿನಿಂದ, "ಯಾರು ಏನು ಅಂತ ವಿಚಾರಿಸಿ ಆಮೇಲೆ ಹೂಂ ಅನ್ನಿ" ಎಂದಳು. ಇವನು ಕೇಳಿಸಿಕೊಳ್ಳದೆ "ಒತ್ತಿ, ಒತ್ತಿ" ಎಂದ. ಊರಿನಾಚೆ ಶುಭಮುಹೂರ್ತದಲ್ಲಿ ಒತ್ತುತ್ತೇನೆಂದ ರಾಜಗುರುವನ್ನು ಬೀಳ್ಕೊಡಲು ಗುಡ್ಡದಾಚೆಯ ಹೆದ್ದಾರಿಯವರೆಗೆ ತಾನೇ ಸುರುಳಿ ಹೊತ್ತು ಹೋದ. ಅಲ್ಲಿ ಗಾವೊ ತುಂಗ್ ಸುರುಳಿ ಬಿಡಿಸಿ, ಹೊಳೆಗೆಂದು ಬಿಟ್ಟಿದ್ದ ಬಿಳಿಯ ನಟ್ಟನಡುವೆ ಧಪ್ಪನೆ ಮೊಹರು ಒತ್ತಿದ.

ಯೂಕೆ ತಿರುಗಿ ನೋಡುತ್ತಾನೆ, ಊರಿಲ್ಲ. ಬೆಟ್ಟವಿಲ್ಲ, ಹೊಳೆಯಿಲ್ಲ. ಕೊಯ್ದ ಗದ್ದೆಯ ಹಾಗೆ ಬೋಳು ನೆಲ. ಊರೆಲ್ಲ ಕಾಗದದೊಳಗೆ ಹೋಗಿತ್ತು. ಅವನು ಹಲ್ಲು ಕಚ್ಚಿ ತಿರುಗುವಷ್ಟರಲ್ಲಿ ಸುರುಳಿಯೂ ಇರಲಿಲ್ಲ, ಪಲ್ಲಕ್ಕಿಯೂ ಇರಲಿಲ್ಲ.

ಯೂಕೆ ಏಳು ದಿನ ನಡೆದ. ಮೊದಲ ದಿನ ಮಾಂತ್ರಿಕನನ್ನು ಬೈದ, ಎರಡನೆಯ ದಿನ ತನ್ನನ್ನೇ ಬೈದುಕೊಂಡ, ಉಳಿದ ದಿನಗಳಲ್ಲಿ ಇಬ್ಬರನ್ನೂ ಸೇರಿಸಿ ಬೈದ. ಅರಮನೆಯ ಬಾಗಿಲಲ್ಲಿ ದೂರುಗಂಟೆಯ ಹಾಗೆ ಒಂದು ದೊಡ್ಡ ನಗಾರಿ ಇರುತ್ತಿತ್ತು. ಅನ್ಯಾಯವಾದವರು ಅದನ್ನು ಬಾರಿಸಿದರೆ ರಾಜ ಕೇಳಲೇಬೇಕು. ಯೂಕೆ ಬಾರಿಸಿದ ರಭಸಕ್ಕೆ ಅದರ ಚರ್ಮ ಹರಿದುಹೋಯಿತು.

ಅವನನ್ನು ಅರಮನೆಯ ಉದ್ದನೆಯ ಹಜಾರಕ್ಕೆ ಕರೆದೊಯ್ದರು. ಗೋಡೆಯ ಮೇಲೆ ಒಂಬತ್ತು ಸುರುಳಿ ತೂಗುತ್ತಿದ್ದವು. ಒಂಬತ್ತರ ಮೇಲೂ ಅದೇ ಕೆಂಪು ಮೊಹರು. ಕೊನೆಯದು ಕೊಕ್ಕರೆ ಕಣಿವೆ. ಯೂಕೆ ಹತ್ತಿರ ಹೋಗಿ ನೋಡಿದ. ಚಿತ್ರ ಅಲುಗಾಡುತ್ತಿತ್ತು. ಸೇತುವೆಯ ಮೇಲೆ ಲಾನ್‌ಝಿ ಬುಟ್ಟಿಯನ್ನು ಎದೆಗವಚಿಕೊಂಡು, ಇನ್ನೊಂದು ಕೈಯಿಂದ ಅಂಚಿನ ಮರದ ಕಟಾಂಜನ ತಡವುತ್ತಾ ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಅವಳ ಮುಖದಲ್ಲಿ ಕಣ್ಣಿರಲಿಲ್ಲ. ಬಾಗಿಲಲ್ಲಿ ನಿಂತ ಮುದುಕನಿಗೂ ಕಣ್ಣಿಲ್ಲ, ಹೊಳೆದಂಡೆಯ ಮಕ್ಕಳಿಗೂ ಇಲ್ಲ. ಕಾಗದದೊಳಗೆ ಹೋದವರು ಬರೆದಂತೆಯೇ ಆಗಬೇಕೆಂಬುದು ಆ ಮಾಯೆಯ ನಿಯಮ.



"ಏನು ಚೆಂದದ ಕೆಲಸ ನಿನ್ನದು!" ಎಂದ ಹಿಂದಿನಿಂದ ಬಂದ ರಾಜ. "ಊಟವಾದ ಮೇಲೆ ದಿನಾ ನೋಡುತ್ತೇನೆ. ಗೊಂಬೆಗಳು ಹೇಗೆ ಓಡಾಡುತ್ತವೆ!"

"ಗೊಂಬೆಗಳಲ್ಲ ಪ್ರಭೂ, ನಿಮ್ಮ ಪ್ರಜೆಗಳು!" ಯೂಕೆ ಕಿರುಚಿದ. "ಅವಳು ನನ್ನ ಹೆಂಡತಿ! ಕುರುಡಿಯಾಗಿ ತಡಕಾಡುತ್ತಿದ್ದಾಳೆ, ನೀವು ಬಾಯಿ ಚಪ್ಪರಿಸಿಕೊಂಡು ನೋಡುತ್ತಿದ್ದೀರಿ! ನಾಚಿಕೆಯಾಗುವುದಿಲ್ಲವೇ ನಿಮಗೆ?"

ರಾಜನ ಮುಖ ಹುಳ್ಳಗಾಯಿತು. ಅವನಿಗೆ ಯಾರೂ ಹಾಗೆ ಹೇಳಿರಲಿಲ್ಲ. ಗಾವೊ ತುಂಗ್ ಮಾತ್ರ ನಗುತ್ತಾ ಮುಂದೆ ಬಂದ.

"ಒತ್ತು ಎಂದವನು ಇವನೇ, ಪ್ರಭೂ. ನನ್ನದೇನು ತಪ್ಪು? ಆದರೂ ಒಂದು ಅವಕಾಶ ಕೊಡೋಣ. ನನ್ನ ಗೋಪುರದಲ್ಲಿ ಇವನು ಮೂರು ಚಿತ್ರ ಬರೆಯಲಿ. ಮೂರನ್ನೂ ನೀವು ಚಿತ್ರವೆಂದು ಒಪ್ಪಿದರೆ ಊರು ಬಿಡುತ್ತೇನೆ. ಒಂದು ತಪ್ಪಿದರೂ ಇವನನ್ನೂ ಒಳಗೆ ಹಾಕುತ್ತೇನೆ, ಕೈಯಿಲ್ಲದವನಂತೆ ಬರೆಸಿ. ಮತ್ತೆ, ಬರೆದದ್ದೆಲ್ಲ ನನ್ನದು."

ರಾಜ ಒಪ್ಪಿದ. ಗೋಪುರದ ಮುನ್ನೂರು ಮೆಟ್ಟಿಲು ಹತ್ತಲು ಅವನ ಬೊಜ್ಜು ಬಿಡಲಿಲ್ಲ. ಕೆಳಗೆ ಅಂಗಳದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತ.

ಮೊದಲನೆಯ ದಿನ ಮಾಂತ್ರಿಕ ಅರಮನೆಯ ಬಾವಿಗಳನ್ನೆಲ್ಲ ಒಣಗಿಸಿದ. "ನೀರಿಲ್ಲದೆ ಬರೆ" ಎಂದ. ನೀರಿಲ್ಲದೆ ಮಸಿ ತೇಯುವುದು ಹೇಗೆ? ಯೂಕೆ ಮಾಂತ್ರಿಕನ ಮುಖವನ್ನೇ ನೋಡುತ್ತಾ ಮಸಿಕಲ್ಲಿನ ಮೇಲೆ ಥೂ ಎಂದು ಉಗಿದ. ಮತ್ತೆ ಉಗಿದ. ತೇಯ್ದ. ಕೊಡಲಿಯಿಂದ ಕಡಿದ ಹಾಗೆ ಕುಂಚ ಬೀಸಿ ಬಂಡೆಯೊಂದನ್ನು ಬರೆದ. ಕೆಳಗೆ ಇಳಿಸಿದಾಗ ರಾಜ ಹೆದರಿ ಕುರ್ಚಿ ಹಿಂದೆ ಸರಿಸಿದ. "ಚಿತ್ರವೇ ಸರಿ" ಎಂದ.

ಮಾಂತ್ರಿಕ ಆಸೆಯಿಂದ ಮೊಹರು ಒತ್ತಿದ. ಏನೂ ಆಗಲಿಲ್ಲ. ಮೊಹರು ಒಳಗೆಳೆಯುವುದು ನಿಜವಾಗಿ ಇರುವುದನ್ನು ಮಾತ್ರ, ಅಂಥ ಬಂಡೆ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಯೂಕೆ ಅದನ್ನು ತನ್ನ ಸಿಟ್ಟಿನಿಂದ ಹುಟ್ಟಿಸಿದ್ದ.

ಎರಡನೆಯ ದಿನ ಮಾಯದ ಇಲಿಗಳು ಬಂದು ಕುಂಚಗಳ ಕೂದಲನ್ನೆಲ್ಲ ತಿಂದುಹಾಕಿದವು. "ಕುಂಚವಿಲ್ಲದೆ ಬರೆ" ಎಂದ ಮಾಂತ್ರಿಕ. ಯೂಕೆ ಹತ್ತು ಬೆರಳನ್ನೂ ಮಸಿಗೆ ಅದ್ದಿ ಉಗುರಿನಿಂದ ಕಾಗದ ಗೀರಿದ. ಜಲಪಾತ ಬಂತು. ಅದರ ಭೋರ್ಗರೆತ ಅಂಗಳದಲ್ಲಿ ಕೇಳಿಸಿತು, ರಾಜನ ನಿಲುವಂಗಿ ಹನಿಯಿಂದ ಒದ್ದೆಯಾಯಿತು. "ಚಿತ್ರವೇ, ಚಿತ್ರವೇ!" ಎಂದ. ಮಾಂತ್ರಿಕ ಮತ್ತೆ ಮೊಹರು ಒತ್ತಿದ. ಆ ಜಲಪಾತವೂ ಎಲ್ಲೂ ಇರಲಿಲ್ಲ. ಎರಡು ಸಲ ಬರಿಗೈಯಾದ ಗಾವೊ ತುಂಗ್ ಕುದಿಯತೊಡಗಿದ.

ಮೂರನೆಯ ದಿನ ಮಸಿಯನ್ನೂ ಕಸಿದುಕೊಂಡು ಒಂದು ಬಿಳಿ ಹಾಳೆಯನ್ನು ಯೂಕೆಯ ಮುಂದೆ ಎಸೆದ. "ಮಸಿಯಿಲ್ಲದೆ ಬರೆ. ಈ ಸಲ ನಿಜವಾಗಿ ಇರುವುದನ್ನೇ ಬರೆ, ಕಳ್ಳಾ!"

ಯೂಕೆ ಎದ್ದು ಗೋಪುರ ಇಳಿದ. ಗೋಪುರವನ್ನು ಹೊರಗಿನಿಂದ ಸುತ್ತಿದ, ಹತ್ತಿದ, ಇಳಿದ, ಮತ್ತೆ ಹತ್ತಿದ. ಒಂದೊಂದು ಮೆಟ್ಟಿಲನ್ನೂ ಮುಟ್ಟಿ ನೋಡಿದ. ಮಾಂತ್ರಿಕ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಯೂಕೆ ಹಾಳೆಯ ಮುಂದೆ ಸುಮ್ಮನೆ ಕೂತ. ಸೂರ್ಯ ನೆತ್ತಿಗೆ ಬಂದ ಹೊತ್ತಿಗೆ, "ಮುಗಿಯಿತು" ಎಂದ.

"ಏನು ಮುಗಿಯಿತು? ಖಾಲಿ ಹಾಳೆ!"

"ಮಂಜು. ತಳದಿಂದ ತುದಿಯವರೆಗೆ ದಟ್ಟ ಮಂಜು. ಹಿಂದೆ ಇರುವುದೆಲ್ಲ ಪೂರ್ತಿ ಇದೆ. ನೀನು ಬಿಳಿ ಕಂಡಲ್ಲೆಲ್ಲ ಮೊಹರು ಒತ್ತುವವನು, ನಿನಗೆ ಕಾಣುವುದಿಲ್ಲ. ನಾನು ಕೆಳಗೆ ಹೋಗಿ ರಾಜರಿಗೆ ಹೇಳುತ್ತೇನೆ" ಎಂದು ಯೂಕೆ ಮೆಟ್ಟಿಲಿಳಿದ.

ಕೊನೆಯ ಮೆಟ್ಟಿಲು ಬಿಟ್ಟು ಅಂಗಳಕ್ಕೆ ಕಾಲಿಟ್ಟ. ಮೇಲೆ ಗಾವೊ ತುಂಗ್‌ಗೆ ತಡೆದುಕೊಳ್ಳಲಾಗಲಿಲ್ಲ. ನಿಜವಾಗಿ ಇರುವ ಯಾವುದೋ ಬೆಟ್ಟ ಅಲ್ಲಿ ಅಡಗಿದ್ದರೆ? ಅದು ತನ್ನ ಕೈತಪ್ಪಿದರೆ? ಬಿಳಿಯ ನಟ್ಟನಡುವೆ ಧಪ್ಪನೆ ಒತ್ತಿದ.

ಗೋಪುರ ಮಾಯವಾಯಿತು. ಮಂಜಿನ ಹಿಂದೆ ಯೂಕೆ ಮನಸ್ಸಿನಲ್ಲಿ ನಿಲ್ಲಿಸಿದ್ದು ಆ ಗೋಪುರವನ್ನೇ. ಮುನ್ನೂರು ಮೆಟ್ಟಿಲು, ಮಾಯದ ಇಲಿಗಳು, ಮೊಹರು, ಮೊಹರು ಹಿಡಿದ ಕೈ, ಎಲ್ಲವೂ ಕಾಗದದೊಳಗೆ ಹೋದವು. ಹಾಳೆ ಗಾಳಿಯಲ್ಲಿ ತೇಲಿ ಬಂದು ರಾಜನ ಕಾಲ ಬಳಿ ಬಿತ್ತು. ಒಳಗೆ ಹೋದವರು ಬರೆದಂತೆಯೇ ಆಗಬೇಕು. ಗಾವೊ ತುಂಗ್‌ನನ್ನು ಯಾರೂ ಬರೆದಿರಲಿಲ್ಲ. ಬರಿ ಮಂಜಿತ್ತು, ಅವನು ಮಂಜೇ ಆದ.

ಒಡೆಯನೇ ಇಲ್ಲವಾದ ಮೇಲೆ ಮೊಹರಿನ ಮಾಯೆಯೂ ಉಳಿಯಲಿಲ್ಲ. ಹಜಾರದ ಒಂಬತ್ತು ಸುರುಳಿಗಳ ಮೇಲಿನ ಕೆಂಪು ಅಳಿಸಿಹೋಯಿತು, ಒಂಬತ್ತು ಊರುಗಳು ತಮ್ಮ ತಮ್ಮ ಜಾಗಕ್ಕೆ ಮರಳಿದವು. ರಾಜ ಕೈ ಹಿಸುಕಿಕೊಳ್ಳುತ್ತಾ ಕ್ಷಮೆ ಕೇಳಿದ. ಯೂಕೆ ಅವನ ಮುಖವನ್ನೂ ನೋಡದೆ ಹೊರಟ.

ಕೊಕ್ಕರೆ ಕಣಿವೆಯಲ್ಲಿ ಹೊಳೆ ಹರಿಯುತ್ತಿತ್ತು. ಸೇತುವೆಯ ಮೇಲೆ ಲಾನ್‌ಝಿ ನಿಂತಿದ್ದಳು. ಅವಳ ಕಣ್ಣುಗಳು ಅವಳಿಗೆ ಮರಳಿ ಬಂದಿದ್ದವು, ಕೆಂಡದ ಹಾಗೆ ಉರಿಯುತ್ತಿದ್ದವು. ಯೂಕೆ ಓಡಿಹೋಗಿ ಅವಳ ಮುಂದೆ ಮಂಡಿಯೂರಿದ.

"ತಪ್ಪಾಯಿತು ಲಾನ್‌ಝಿ. ಯಾರೋ ಹೊಗಳಿದನೆಂದು ನಿನ್ನನ್ನು ಕೊಟ್ಟುಬಿಟ್ಟೆ."

"ಮೊಹರಿನ ಮಾತು ಬಿಡಿ. ಮೋಸ ಯಾರಿಗೂ ಆಗುತ್ತದೆ" ಎಂದಳು ಲಾನ್‌ಝಿ. "ಆ ಕತ್ತಲೆಯಲ್ಲಿ ತಡಕಾಡುವಾಗ ನನಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ಇಪ್ಪತ್ತು ವರ್ಷದಿಂದ ಒಂದೇ ಒಲೆಯ ಮುಂದೆ ಕೂತು ಉಂಡಿದ್ದೇವೆ. ನಾನು ನಿಮಗೆ ದೂರದವಳಾ?"

ದೂರದವರಿಗೆ ಕಣ್ಣು ಬರೆಯಬಾರದೆಂಬ ತನ್ನ ಕಟ್ಟಳೆ ಯೂಕೆಗೆ ನೆನಪಾಯಿತು. ಬೆಟ್ಟವನ್ನು ಸುತ್ತಿ, ಹತ್ತಿ, ಇಳಿದು ನೋಡಿದವನು ತಾನು. ಇವಳನ್ನು ಹಾಗೆ ಒಂದು ದಿನವೂ ನೋಡಿರಲಿಲ್ಲ. ಅವನು ಅಲ್ಲೇ ಸೇತುವೆಯ ಮೇಲೆ ಕೂತು ಅವಳ ಮುಖವನ್ನು ನೋಡತೊಡಗಿದ. ಅವಳು ಬೈಯುತ್ತಲೇ ಇದ್ದಳು, ಅವನು ನೋಡುತ್ತಲೇ ಇದ್ದ. ಸಂಜೆಯ ಹೊತ್ತಿಗೆ ಅವಳ ಸಿಟ್ಟು ಇಳಿಯಿತು. ಹದಿನೇಳು ಮನೆಯವರೂ ಹೊಟ್ಟೆತುಂಬ ಉಂಡು, ಕಣ್ತುಂಬ ನೋಡಿಕೊಂಡು, ಬಹಳ ಕಾಲ ಸುಖವಾಗಿದ್ದರು.