ಪರದೆಯ ಹಿಂದಿನ ಕಣ್ಣು

"ಅವ್ವ... ಇಲ್ರೀ. ಹೊರಗ ಹೋಗ್ಯಾರ."

ಬಾಗಿಲು ತೆರೆದವನು ನೆಲ ನೋಡುತ್ತ ಹೇಳಿದ ಮೊದಲ ಮಾತೇ ಅದು. ಪ್ರಣಾಲಿಯ ಎದೆ ಧಸಕ್ಕೆಂದಿತು!

ನಿನ್ನೆ ಫೋನಿನಲ್ಲಿ ಇದೇ ಫೋಟೊಗ್ರಾಫರ್ ಸಾರಂಗ, "ಸ್ಟುಡಿಯೋ ನಮ್ಮ ಮನ್ಯಾಗ ಅದ ರೀ. ಅಂಜಬ್ಯಾಡ್ರಿ, ಅವ್ವ ಇರ್ತಾರ" ಎಂದಿದ್ದ. ಆ ಒಂದು ಮಾತು ನಂಬಿ ಅವಳು ಭಾಲ್ಕಿಯಿಂದ ಬಸ್ಸು ಹತ್ತಿ, ಬೀದರಿನ ಮೈಲೂರಿನವರೆಗೆ ಒಬ್ಬಳೇ ಬಂದಿದ್ದಳು.

'ಶರ್ವರಿ ಹೇಳಿದ್ದು ಖರೇನೇ ಆಯ್ತಲ್ಲ...'

ಪ್ರಣಾಲಿ ಮಾಡೆಲ್. ಬೀದರಿನಲ್ಲಿ ಮಾಡೆಲ್ ಎಂದರೆ ನೀವು ಏನೇನೋ ಊಹಿಸಿಕೊಳ್ಳಬೇಡಿ. ಸೀರೆ ಅಂಗಡಿಯವರ ವಾಟ್ಸಾಪ್ ಸ್ಟೇಟಸ್ಸಿಗೆ, ಇನ್‌ಸ್ಟಾಗ್ರಾಮಿಗೆ ಉಟ್ಟು ನಿಲ್ಲುವ ಹುಡುಗಿಯರು, ಅಷ್ಟೇ. ಅವರಲ್ಲೆಲ್ಲ ಹಿರಿಯಳು ಶರ್ವರಿ. ಹೊಸಬರಿಗೆ ಅವಳದು ಒಂದೇ ಪಾಠ.

"ಪ್ಯಾಟಿ ಸ್ಟುಡಿಯೋಕ್ಕ ಬೇಕಾದ್ರ ಹೋಗು. ಮನ್ಯಾಗ ಸ್ಟುಡಿಯೋ ಅಂದವನ ಹಂತ್ಯಾಕ ಒಬ್ಬಾಕೀನ ಹೋಗಬ್ಯಾಡ. ಎಲ್ಲಾರೂ 'ಅವ್ವ ಇದ್ದಾಳ' ಅಂತಾರ. ಹೋಗಿ ನೋಡಿದ್ರ ಅವ್ವನೂ ಇರಂಗಿಲ್ಲ, ಅಜ್ಜಿನೂ ಇರಂಗಿಲ್ಲ!"

ಅವಳೇ ಇವತ್ತು ಜೊತೆಗೆ ಬರಬೇಕಿತ್ತು. ಬೆಳಿಗ್ಗೆ ಜ್ವರವೆಂದು ಮಲಗಿಬಿಟ್ಟಳು. ಭಾಲ್ಕಿಯ ಸೀರೆ ಅಂಗಡಿಯ ಮಂಗೇಶಣ್ಣನಿಗೆ ಮದುವೆ ಸೀರೆಗಳ ಫೋಟೊ ಸಂಜೆಯೊಳಗೆ ಬೇಕು. ಪ್ರಣಾಲಿಗೆ ಇದು ಮೊದಲ ದೊಡ್ಡ ಕೆಲಸ. ತಿರುಗಿ ಹೋದರೆ ಇನ್ನೊಂದು ಸಿಗುತ್ತದೆಂಬ ಭರವಸೆ ಇಲ್ಲ.

"ಬಾಗಲಾ ತೆರದ ಇರಲಿ" ಎಂದಳು, ದನಿ ನಡುಗದಂತೆ ಗಟ್ಟಿ ಮಾಡಿಕೊಂಡು.

"ಇರಲಿ ರೀ" ಎಂದ ಅವನು. ಬೆಳಕು ಕೆಡುತ್ತದೆ ಎಂದು ಗೊಣಗಲೂ ಇಲ್ಲ.

ಬಟ್ಟೆ ಬದಲಿಸುವ ಕೋಣೆಗೆ ಹೋದವಳು ಚಿಲಕ ಹಾಕಿ, ಎಳೆದು ನೋಡಿ, ಮತ್ತೊಮ್ಮೆ ಎಳೆದು ನೋಡಿದಳು. ಕನ್ನಡಿಯ ಹಿಂದೆ, ಫ್ಯಾನಿನ ಮೇಲೆ, ಸ್ವಿಚ್ ಬೋರ್ಡಿನ ತೂತಿನಲ್ಲಿ... ಎಲ್ಲೂ ಕ್ಯಾಮೆರಾ ಇರಲಿಲ್ಲ. ಆದರೂ ದೀಪ ಆರಿಸಿಯೇ ಸೀರೆ ಉಟ್ಟಳು.

ಹಳದಿ ಸೀರೆ, ಹಸಿರು ಬಳೆ, ಹಣೆಗೆ ಬಾಸಿಂಗ. ಮದುಮಗಳಾಗಿ ಹೊರಬಂದವಳನ್ನು ನೋಡಿ ಸಾರಂಗ ಒಂದು ಗಳಿಗೆ ಕ್ಯಾಮೆರಾ ಎತ್ತುವುದನ್ನೇ ಮರೆತ. ಆಮೇಲೆ ನಾಚಿ, ಲೈಟಿನ ಸ್ಟ್ಯಾಂಡು ಸರಿಪಡಿಸತೊಡಗಿದ. ಅದು ಸರಿಯಾಗಿಯೇ ಇತ್ತು!

"ಸೆರಗು ಜರಾ ಎಡಕ್ಕ... ನೀವೇ ಸರಿ ಮಾಡ್ಕೊಳ್ರಿ. ನಾ ಇಲ್ಲಿಂದನೇ ಹೇಳ್ತೇನಿ."

ಒಮ್ಮೆಯೂ ಹತ್ತಿರ ಬರಲಿಲ್ಲ. ಒಮ್ಮೆಯೂ ಕೈ ಚಾಚಲಿಲ್ಲ. 'ಇವ ಹಂಥವ ಅಲ್ಲೇನೋ...' ಪ್ರಣಾಲಿಯ ಭುಜಗಳು ಸಡಿಲವಾದವು. ಮೊದಲ ಸಲ ಅವಳು ನಿಜವಾಗಿ ನಕ್ಕಳು.

ಅಷ್ಟರಲ್ಲಿ ಅಡುಗೆಮನೆಯ ಪರದೆ ಅಲುಗಿತು.

ಗಾಳಿ ಇರಲಿಲ್ಲ. ಪರದೆಯ ಅಂಚಿನಲ್ಲಿ ಒಂದು ಕಣ್ಣು... ರೆಪ್ಪೆ ಮಿಟುಕಿಸದೆ ಅವಳನ್ನೇ ನೋಡುತ್ತಿತ್ತು!

"ಅಲ್ಲಿ ಯಾರಿದ್ದಾರ?!"

ಸಾರಂಗನ ಮುಖ ಬಿಳುಚಿಕೊಂಡಿತು. "ಯಾ... ಯಾರಿಲ್ರೀ..."

ಒಳಗೆ ದಡಬಡ ಹೆಜ್ಜೆಯ ಸದ್ದು. ಅದರ ಬೆನ್ನಿಗೇ ಒಳಕೋಣೆಯ ಅಗಳಿ ಬಿದ್ದ ಸದ್ದು.

ಪ್ರಣಾಲಿ ಮತ್ತೆ ನಿಲ್ಲಲಿಲ್ಲ. ಬಟ್ಟೆಯ ಚೀಲ ಬಿಟ್ಟು, ಚಪ್ಪಲಿ ಬಿಟ್ಟು, ಬಾಸಿಂಗ ಕಟ್ಟಿಕೊಂಡೇ ಬೀದಿಗೆ ಓಡಿದಳು. ಆಟೋ ನಿಲ್ಲಿಸಿದ ಚಾಂದ ಪಾಶಾ ಗಾಬರಿಯಾಗಿ, "ಏನಾತು ಬೇಟಿ? ಮದಿವಿ ಮನಿ ಬಿಟ್ಟು ಓಡಿ ಬಂದ್ಯಾ?" ಎಂದು ಕೇಳಿದ. ಅವಳು ಹತ್ತಿ ಕೂತು, ಹೊರಡೆಂದು ಕೈ ಮಾಡಿದಳು.

ಆಟೋದಲ್ಲಿ ಕೂತೇ ಹುಡುಗಿಯರ ಗ್ರೂಪಿಗೆ ಬರೆದಳು. 'ಮೈಲೂರಿನ ಸಾರಂಗನ ಮನೆ ಸ್ಟುಡಿಯೋಕ್ಕೆ ಯಾರೂ ಹೋಗಬೇಡಿ. ಒಳಗೆ ಯಾರನ್ನೋ ಅಡಗಿಸಿ ಇಟ್ಟಿರ್ತಾನೆ.'

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೀದರಿನಿಂದ ಔರಾದಿನವರೆಗೆ ಆ ಸಾಲು ಓಡಾಡಿತು. ಮದುವೆಯ ಹಂಗಾಮು ಜೋರಾಗಿ ನಡೆದರೂ ಸಾರಂಗನನ್ನು ಯಾರೂ ಕರೆಯಲಿಲ್ಲ.

ಅವನು ಜಗಳಕ್ಕೂ ಬರಲಿಲ್ಲ. ಚೀಲ, ಚಪ್ಪಲಿ ಎರಡನ್ನೂ ಶರ್ವರಿಯ ಕೈಗೆ ಕೊಟ್ಟು, "ತಪ್ಪು ನಂದ ಅದ ಅಂತ ಹೇಳ್ರಿ" ಎಂದಷ್ಟೇ ಹೇಳಿ ಹೋಗಿದ್ದ.

'ತಪ್ಪು ಮಾಡಿದವ ಹಿಂಗ ಒಪ್ಕೋತಾನೇನು?' ಪ್ರಣಾಲಿಯ ಮನಸ್ಸು ಕುಟುಕುತ್ತಿತ್ತು. ಮರುಗಳಿಗೆ ಆ ಕಣ್ಣು ನೆನಪಾಗಿ ಮೈ ಜುಮ್ಮೆನ್ನುತ್ತಿತ್ತು. ಪರದೆ ಕಂಡರೆ ಸಾಕು, ಸರಿಸಿ ನೋಡದೆ ಕೂರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಭಾಲ್ಕಿಯ ಮನೆಯ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಹೊಸ್ತಿಲಾಚೆ ಒಬ್ಬ ಹೆಂಗಸು. ಬರಿ ಹಣೆ, ಬರಿಗೈ. ಪ್ರಣಾಲಿ ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

ಅದೇ ಕಣ್ಣು!

"ಅಂಜಬ್ಯಾಡ ತಾಯಿ. ಅವತ್ತು ನೋಡಿದಾಕಿ ನಾನs. ಸಾರಂಗನ ಅವ್ವ, ಅಂಬೂಬಾಯಿ."

"ನೀವಾ? ಮತ್ತ ಅವರು ನೀವು ಇಲ್ಲ ಅಂದ್ರಲ್ರೀ..."

"ಅವತ್ತು ಮುಂಜಾನಿ ನಾನs ಆಣಿ ಹಾಕಿದ್ದೆ. ನೀ ಮದಲಗಿತ್ತಿ ಆಗಿ ನಿಂದ್ರಾಕಿ. ಗಂಡ ಸತ್ತಾಕಿ ಮುಖ ಕಾಣಬಾರದು. ಇದ್ದೇನಿ ಅಂದ್ರ ನೀ ಒಳಗ ಬಂದು ಮಾತಾಡಸ್ತಿದ್ದಿ. ಅದಕ್ಕs ಇಲ್ಲ ಅನ್ನು ಅಂದೆ."

"ಅದು ಬರೇ ಫೋಟೊ ಇತ್ರೀ!"

"ಬಾಸಿಂಗ ಖರೇದು ಇತ್ತಲ್ಲವ್ವಾ." ಅಂಬೂಬಾಯಿ ಕಣ್ಣೊರೆಸಿಕೊಂಡಳು. "ನೋಡಬಾರದು ಅಂತ ಕುಂತಿದ್ದೆ. ನಿನ್ನ ನಗು ಕೇಳಿಸ್ತು... ತಡಕೊಳ್ಳಾಕ ಆಗಲಿಲ್ಲ. ನನ್ನ ಮಗ ಸ್ಟುಡಿಯೋ ಮುಚ್ಚಿ, ಔರಾದಿನಾಗ ಇನ್ನೊಬ್ಬರ ಅಂಗಡಿಗೆ ಹೋಗ್ಯಾನ. ನನ್ನ ಹೆಸರು ಹೇಳಿದ್ರ ಪಾರಾಗ್ತಿದ್ದ. ಹೇಳಲಿಲ್ಲ. ಊರೆಲ್ಲಾ ಅವನಿಗೆ ಕೆಟ್ಟವ ಅನ್ನಲಿಕತ್ತದ ತಾಯಿ..."

ಅಷ್ಟರಲ್ಲಿ ಒಳಗಿನಿಂದ ಪ್ರಣಾಲಿಯ ತಾಯಿ ಅನುಸೂಯಾಬಾಯಿ ಬಂದು ಅಂಬೂಬಾಯಿಯ ಕೈ ಹಿಡಿದೇಬಿಟ್ಟಳು.

"ಹೊಸ್ತಿಲ ಹೊರಗ ಯಾಕ ನಿಂತೀರಿ ಅಕ್ಕಾ? ನನಗೂ ಗಂಡ ಇಲ್ಲ. ಆದ್ರ ನಮ್ಮ ಮಂದ್ಯಾಗ ಇಂಥಾದ್ದೆಲ್ಲಾ ಬಿಟ್ಟೇವಿ ರೀ. ಹೋದ ವರ್ಷ ತಂಗಿ ಮಗಳಿಗೆ ಬಾಸಿಂಗ ಕಟ್ಟಿದಾಕಿ ನಾನs. ಆಕಿ ಸುಖವಾಗಿ ಇದ್ದಾಳ. ಬರ್ರಿ, ಚಹಾ ಕುಡೀರಿ!"

ಅಂಬೂಬಾಯಿ ಒಳಗೆ ಬಂದು ಕೂತು, ಬಸಿಯಲ್ಲಿನ ಚಹಾ ಕುಡಿಯದೆ ಅತ್ತಳು.

ಅವತ್ತೇ ಪ್ರಣಾಲಿ ಗ್ರೂಪಿಗೆ ಬರೆದಳು. 'ಆ ಮನೆಯಲ್ಲಿ ಇದ್ದವರು ಅವರ ತಾಯಿ. ಸಾರಂಗ ಒಳ್ಳೆಯವರು. ನಾನು ಕೇಳದೆ, ತಿಳಿಯದೆ ಬರೆದೆ.' ಬರೆದರೂ ಸಮಾಧಾನವಾಗಲಿಲ್ಲ. ಬೆಳಿಗ್ಗೆದ್ದು ಔರಾದಿನ ಬಸ್ಸು ಹತ್ತಿದಳು.

ದಾರಿಯುದ್ದಕ್ಕೂ ಅಂಜಿಕೆ. ಆದರೆ ಇದು ಬೇರೆ ಅಂಜಿಕೆ. 'ಮುಖ ತಿರುಗಿಸಿಬಿಟ್ರ? ಹೋಗ್ರಿ ಅಂದ್ರ?'

ಹಾವಗೆಪ್ಪನ ಫೋಟೊ ಅಂಗಡಿಯಲ್ಲಿ ಸಾರಂಗ ಯಾರದೋ ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತಿದ್ದ. ತಲೆ ಎತ್ತಿದವನ ಕೈಯಲ್ಲಿ ಕತ್ತರಿ ಹಾಗೇ ನಿಂತಿತು.

"ಕ್ಷಮಾ ಮಾಡ್ರಿ..." ಅವಳ ಕಣ್ಣು ತುಂಬಿ ಬಂತು. "ನಿಮ್ಮ ಹೆಸರು ಕೆಡಿಸಿದೆ."

"ನೀವು ಅಂಜಿದ್ದು ತಪ್ಪಲ್ಲ ರೀ. ಒಬ್ಬಾಕಿ ಹೆಣ್ಣುಮಗಳು ನಂಬಿ ಬಂದಾಗ ಸುಳ್ಳು ಹೇಳಿದವ ನಾ. ಅವ್ವನ ಆಣಿ ಉಳಸಾಕ ಹೋಗಿ ನಿಮ್ಮ ಧೈರ್ಯ ಕಳದೆ."

"ನನ್ನ ಮ್ಯಾಲ ಸಿಟ್ಟಿಲ್ಲೇನ್ರಿ?"

"ಸಿಟ್ಟು ಬರಲಿ ಅಂತ ಭಾಳ ಪ್ರಯತ್ನ ಮಾಡಿದೆ." ಅವನು ಮೆಲ್ಲಗೆ ನಕ್ಕ. "ಪ್ರತಿ ಸಲ ನೀವು ನಕ್ಕಿದ್ದs ನೆನಪಾಗ್ತಿತ್ತು. ಪ್ರಣಾಲಿ... ನೀವಂದ್ರ ನನಗ ಜೀವ ರೀ."

ಪ್ರಣಾಲಿಗೆ ಕೆನ್ನೆ ಬಿಸಿಯಾಯಿತು. ಓಡಬೇಕೆನಿಸಲಿಲ್ಲ, ನಿಲ್ಲಬೇಕೆನಿಸಿತು.

"ಮೈಲೂರಿಗೆ ಬರ್ತೇನಿ. ಆದ್ರ ಈ ಸಲ ಒಬ್ಬಾಕೀನ ಬರಂಗಿಲ್ಲ."

"ಶರ್ವರಿ ಅವರನ್ನ ಕರಕೊಂಡು ಬರ್ರಿ. ಬಾಗಲಾ ತೆರದs ಇಡ್ತೇನಿ."

"ಶರ್ವರಿ ಅಲ್ಲ, ನಮ್ಮ ಅವ್ವನ್ನ. ನಿಮ್ಮ ಅವ್ವಾರ ಮುಂದ ಮದಿವಿ ಮಾತು ಆಡಾಕ. ಬಾಸಿಂಗ ಅವರs ಕಟ್ಟಬೇಕು, ಎಲ್ಲಾರ ಮುಂದ ನಿಂತು. ಇದಕ್ಕ ಒಪ್ಪಿದ್ರ ಮಾತ್ರ!"

ಸಾರಂಗ ಕತ್ತರಿ ಕೆಳಗಿಟ್ಟ. ಹಣೆಯ ಬೆವರು ಒರೆಸಿಕೊಂಡ.

"ಒಪ್ಪಿದೆ ರೀ... ಆದ್ರ ಈಗ ನನಗ ಅಂಜಿಕಿ ಬರಲಿಕತ್ತದ."

"ಅಂಜಬ್ಯಾಡ್ರಿ" ಎಂದಳು ಪ್ರಣಾಲಿ, ಅಳುತ್ತಲೇ ನಗುತ್ತ. "ನಾ ಇದ್ದೇನಲ್ಲ!"