ಬೋಣಿಗೆ ಮುಂಚೆ ಬಂದವಳು

"ಅಲ್ಲೇ ನಿಂತ್ಕೊಳ್ರೀ! ಒಳಗೆ ಬರ್‌ಬ್ಯಾಡಿ!"

ಹೊಸ್ತಿಲ ಮೇಲಿಟ್ಟಿದ್ದ ಕಾಲನ್ನು ಬಿಂದುಶ್ರೀ ಹಿಂದಕ್ಕೆ ತೆಗೆದಳು. ಎದೆಗೆ ಅವಚಿಕೊಂಡಿದ್ದ ನಾಯಿಮರಿ ದುಪಟ್ಟಾದೊಳಗೆ ಮಿಸುಕಾಡಿತು.

ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಹಿಂದಿನ ಆ ಪೆಟ್ ಶಾಪ್ ಆಗಷ್ಟೇ ಬಾಗಿಲು ತೆರೆದಿತ್ತು. ದೇವರ ಪಟದ ಮುಂದೆ ಊದುಬತ್ತಿ ಉರಿಯುತ್ತಿತ್ತು. ಅಂಗಡಿಯ ರಘುನಾಥ ಒಂದು ಕೈಯಲ್ಲಿ ಬಕೆಟ್ ಹಿಡಿದು, ಇನ್ನೊಂದನ್ನು ಅಡ್ಡ ಚಾಚಿ ನಿಂತಿದ್ದ.

ಓ... ಇನ್ನೂ ಬೋಣಿ ಆಗಿಲ್ಲ! ಎಂದುಕೊಂಡಳು ಬಿಂದು.

ದಿನದ ಮೊದಲ ವ್ಯಾಪಾರ ಯಾರ ಕೈಯಿಂದ ಆಗುತ್ತದೋ ದಿನವೆಲ್ಲ ಹಾಗೇ ನಡೆಯುತ್ತದೆ ಎಂದು ನಂಬುವ ಪೇಟೆ ಅದು. ಮದುವೆ ಪತ್ರಿಕೆ ಹಂಚುತ್ತಿದ್ದಾಗಲೇ ಅವಳನ್ನು ಮದುವೆಯಾಗಬೇಕಿದ್ದ ಶರತ್ ಹೆದ್ದಾರಿಯಲ್ಲಿ ಬೈಕ್ ಸಮೇತ ಲಾರಿಗೆ ಸಿಕ್ಕಿ ತೀರಿಕೊಂಡ. ಅಂದಿನಿಂದ ಬೆಳಗಿನ ಹೊತ್ತು ಅವಳ ಮುಖ ಯಾರಿಗೂ ಬೇಡ. ಹೂವಿನ ಮಾದಮ್ಮ ಕೂಡ, "ಆಮೇಕ್ ಬಾ ಕಣಮ್ಮಿ, ಬೋಣಿ ಆಗ್ಲಿ," ಎನ್ನುತ್ತಿದ್ದಳು. ಬೈದಲ್ಲ, ಮೆತ್ತಗೆ. ಮೆತ್ತಗೆ ಹೇಳಿದರೆ ನೋಯುವುದಿಲ್ಲವೆಂದು ಅವಳಿಗೆ ಯಾರು ಹೇಳಿಕೊಟ್ಟರೋ!

ಆದರೆ ಬಿಂದುವಿಗೆ ನಿಜಕ್ಕೂ ನೋಯುತ್ತಿರಲಿಲ್ಲ. ಸಿಟ್ಟೂ ಬರುತ್ತಿರಲಿಲ್ಲ. ಅಮ್ಮ ಬಡಿಸಿದ್ದನ್ನು ತಿನ್ನುತ್ತಿದ್ದಳು, ಏನು ತಿಂದೆ ಎಂದು ಕೇಳಿದರೆ ನೆನಪಿರುತ್ತಿರಲಿಲ್ಲ. ನಿನ್ನೆ ಮನೆ ಮುಂದೆ ಈರುಳ್ಳಿ ಲಾರಿಯಡಿ ಕುಂಯ್‌ಗುಡುತ್ತಿದ್ದ ಈ ಮರಿಯನ್ನು ಎತ್ತಿಕೊಂಡದ್ದೂ ಕರುಣೆಯಿಂದಲ್ಲ. ಕೈ ತಾನಾಗಿ ಚಾಚಿತ್ತು, ಅಷ್ಟೆ. ಆದರೆ ಒಂದು ಮಾತು ಮಾತ್ರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು. ಇದೂ ಸತ್ತರೆ... ನನ್ನ ಬಗ್ಗೆ ಪೇಟೆಯವರು ಅಂದುಕೊಂಡಿರುವುದೇ ನಿಜ.

"ಪರವಾಗಿಲ್ಲ. ಮರಿಗೆ ಹಾಲಿನ ಪುಡಿ ಚಾಮರಾಜನಗರದ ಅಂಗಡೀಲಿ ತಗೋತೀನಿ."

"ಅಯ್ಯೋ, ಅದಲ್ಲ ಕಣ್ರೀ! ಒಂದ್ನಿಮಿಷ..."

ಅವಳು ತಿರುಗಿ ನೋಡಲಿಲ್ಲ. ಹೊರಟು ನಿಂತಿದ್ದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಳು. ದಾರಿಯಲ್ಲಿ ಹೊಲ ಬಂತು, ಊರು ಬಂತು. ಒಂದೂ ಅವಳ ಕಣ್ಣಿಗೆ ಬೀಳಲಿಲ್ಲ.

ಚಾಮರಾಜನಗರದ ಅಂಗಡಿ ಗಿಜಿಗುಡುತ್ತಿತ್ತು. ಸರಪಳಿ ಹಾಕಿದ ದೊಡ್ಡ ನಾಯಿಯೊಂದು ಬಾಗಿಲಲ್ಲೇ ಕೆಮ್ಮುತ್ತಿತ್ತು.

"ಬನ್ನಿ ಮೇಡಂ, ಮರಿನ ಕೆಳಗ್ ಬುಡಿ, ಓಡಾಡ್ಲಿ," ಎಂದು ಅಂಗಡಿಯವನು ನಕ್ಕ.

ಬಿಂದು ಬಗ್ಗಿದಳು.

"ಬುಡ್‌ಬ್ಯಾಡಿ!"

ಬೆಚ್ಚಿ ನೋಡಿದಳು. ರಘುನಾಥ! ಹೆಲ್ಮೆಟ್ ಕೂಡ ತೆಗೆಯದೆ ಏದುಸಿರು ಬಿಡುತ್ತಿದ್ದಾನೆ. ಕೈಯಲ್ಲೊಂದು ಬಾಟಲಿ.

"ಇಲ್ಲಿ ಬೋಣಿ ಆಗಿದೆ ರೀ," ಎಂದಳು ಬಿಂದು. ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಇಲ್ಲಿಗೂ ಬಂದು ಓಡಿಸ್ಬೇಕಾ?"

"ಬೋಣಿನಾ? ಎಂಥ ಬೋಣಿ? ಮೊದ್ಲು ಆಚೆ ಬಂದು ಚಪ್ಪಲಿ ಬಿಚ್ಚಿ!"

ಅವಳಿಗೆ ಅರ್ಥವಾಗಲಿಲ್ಲ. ಆದರೂ ಹೊರಗೆ ಬಂದು ಬಿಚ್ಚಿದಳು. ಅವನು ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಬಾಟಲಿಯಲ್ಲಿದ್ದ ಬ್ಲೀಚಿಂಗ್ ಪೌಡರ್ ನೀರು ಸುರಿದು, ಅವಳ ಚಪ್ಪಲಿಯ ಅಡಿಯನ್ನು ತಿಕ್ಕತೊಡಗಿದ. ಹೋಗಿಬರುವವರು ನಿಂತು ನೋಡಿದರು.

"ನಿನ್ನೆ ಸಂಜೆ ಯಾರೋ ಪಾರ್ವೋ ರೋಗ ಬಂದಿದ್ದ ನಾಯಿ ತಂದಿದ್ರು. ಹೊಸ್ತಿಲಲ್ಲೇ ವಾಂತಿ ಮಾಡ್ಕಂಡ್ತು. ಅದನ್ನೇ ತೊಳೀತಿದ್ದೆ, ನೀವು ಕಾಲಿಟ್ಬುಟ್ರಿ! ಆ ರೋಗ ನೆಲದಲ್ಲಿ ತಿಂಗಳುಗಟ್ಲೆ ಇರ್ತದೆ, ಚಪ್ಪಲಿಗೆ ಅಂಟ್ಕಂಡೂ ಓಯ್ತದೆ. ಮರಿ ನೆಕ್ಬುಟ್ರೆ ಉಳಿಯೋದು ಕಷ್ಟ."

ಬಿಂದು ಮರಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

"ಇಂಜೆಕ್ಷನ್ ಎಲ್ಲಾ ಮುಗಿಯೋಗಂಟ ಯಾವ ಅಂಗಡೀಲೂ ಕೆಳಗ್ ಬುಡ್‌ಬ್ಯಾಡಿ. ಬುಟ್ಟೀಲಿರ್ಲಿ, ಇಲ್ಲಾ ತೊಡೆ ಮ್ಯಾಲಿರ್ಲಿ. ಬ್ಯಾರೆ ನಾಯಿ ಮೂಸೋಕೂ ಬುಡ್‌ಬ್ಯಾಡಿ. ಮುದ್ದು ಮಾಡೋರು ಕೈ ತೊಳ್ಕಂಡೇ ಮುಟ್ಲಿ. ನಾನೂ ಅಷ್ಟೇಯ."

"ಹಾಗಾದ್ರೆ... ನನ್ನ ಮುಖ ನೋಡಿ ಬೇಡ ಅನ್ಲಿಲ್ವಾ ನೀವು?"

"ನಿಮ್ ಮುಖ ನೋಡ್ತಿರೋದೇ ಈಗ ಕಣ್ರೀ! ಆಗ ನಾನು ನೋಡಿದ್ದು ಬರೀ ಕಾಲು."

ಬಿಂದುವಿಗೆ ಏನಾಯಿತೋ! ಶರತ್‌ನನ್ನು ಮಣ್ಣು ಮಾಡಿದ ದಿನವೂ ಅಳದವಳು ನಡುಬೀದಿಯಲ್ಲಿ ಬರಿಗಾಲಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ರಘುನಾಥ ಕಾರಣ ಕೇಳಲಿಲ್ಲ. ಚಪ್ಪಲಿ ಒಣಗುವವರೆಗೆ ಪಕ್ಕದಲ್ಲೇ ನಿಂತಿದ್ದ.

ಒಂದು ದಿನ ಅತ್ತ ಮಾತ್ರಕ್ಕೆ ಎಲ್ಲ ಸರಿಹೋಗಲಿಲ್ಲ. ಮರುದಿನ ಮತ್ತೆ ಅದೇ ಮರಗಟ್ಟಿದ ಮನಸ್ಸು. ಆದರೆ ಮರಿಯ ಪ್ರತಿ ಇಂಜೆಕ್ಷನ್‌ಗೂ ಪಶು ಆಸ್ಪತ್ರೆಯಲ್ಲಿ ಅವನಿರುತ್ತಿದ್ದ. ಶರತ್‌ನ ಬಗ್ಗೆ ಅವಳು ಹೇಳಿದಾಗ ಸುಮ್ಮನೆ ಕೇಳಿಸಿಕೊಂಡ. ಯಾವಾಗಿನಿಂದಲೋ ಅವಳಿಗೆ ಹೊತ್ತಿಗೆ ಸರಿಯಾಗಿ ಹಸಿವಾಗತೊಡಗಿತ್ತು.

ಮರಿ ಉಳಿಯಿತು. ಡಾಕ್ಟರು ಇನ್ನು ಭಯವಿಲ್ಲ ಎಂದ ದಿನ ಅವನ ಅಂಗಡಿಯ ನೆಲದ ಮೇಲೆ ಬಿಟ್ಟರೆ, ಜಾರಿ ಬಿದ್ದು, ಎದ್ದು, ಮೊದಲು ಮಾಡಿದ ಕೆಲಸ ಉಚ್ಚೆ. ಬಿಂದು ನಕ್ಕಳು.

"ನಿಮ್ನ ಮದ್ವೆ ಆಗ್ಬೇಕು ಅಂತ ಆಸೆ ನಂಗೆ," ಎಂದ ರಘುನಾಥ, ನೆಲ ಒರೆಸುತ್ತಲೇ. "ಇವತ್ತೇ ಹೇಳ್‌ಬ್ಯಾಡಿ. ಮೈಸೂರಿಗೆ ಸಾಮಾನು ತರಾಕ್ ಹೊಂಟಿದ್ದೀನಿ, ನಿಧಾನಕ್ಕೆ ಯೋಚ್ನೆ ಮಾಡಿ."

ಏನು ಹೇಳುವುದು? ಹೂಂ ಎನ್ನಲೂ ಬೇಡ ಎನ್ನಲೂ ಒಳಗೆ ಏನೂ ಇಲ್ಲವಲ್ಲ... ಬಿಂದು ಬಗ್ಗಿ ಮರಿಯ ತಲೆ ಸವರಿದಳು.

ಅವನು ಬೈಕ್ ಸ್ಟಾರ್ಟ್ ಮಾಡಿದ. ಹೆದ್ದಾರಿಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯುತ್ತ ಹೋಯಿತು.  ಬಿಂದು ಓಡಿಹೋಗಿ ಹ್ಯಾಂಡಲ್ ಹಿಡಿದುಕೊಂಡಳು.

"ಯಾಕ್ರೀ, ಏನಾಯ್ತು?"

"ಭಯ ಆಗ್ತಿದೆ."

"ಯಾತಕ್ಕೆ?"

"ನಿಮಗೇನಾದ್ರೂ ಆದ್ರೆ ಅಂತ... ಇಷ್ಟು ದಿನ ನಂಗೆ ಭಯಾನೂ ಆಗ್ತಿರ್ಲಿಲ್ಲ ರಘು!"

ಅವನು ಬೈಕ್ ಆಫ್ ಮಾಡಿ ಕೆಳಗಿಳಿದ. ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಅಂಗಾರೆ ಬಸ್ಸಲ್ಲೇ ಹೋಗನ ಬನ್ನಿ."

"ಇಬ್ರೂನಾ?"

"ಇನ್ಮ್ಯಾಲೆ ಎಲ್ಲಿಗೋದ್ರೂ ಇಬ್ರೂವೆ."

ಬಿಂದು ಅಳುತ್ತಲೇ ಹೂಂ ಎಂದಳು.